ಆಗುಂಬೆಯ ಏಳನೆಯ ತಿರುವು ಮತ್ತು ಒಂದು ತಗಡಿನ ಚರಿತ್ರೆ

ನನ್ನ ತಂಗಿಯ ಮದುವೆಯ ದಿಬ್ಬಣವು ಆಗುಂಬೆ ಘಾಟಿಯಲ್ಲಿ ಮುಕ್ಕಾಲು ಗಂಟೆ ಕಾಲ ನಿಂತುಹೋದ ಕತೆ ನಮ್ಮ ಬಂಧುವರ್ಗಕ್ಕೆಲ್ಲ ಬಾಯಿಪಾಠ. ಅದೇ ಕತೆಯನ್ನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೆನೋ ಲೆಕ್ಕವಿಲ್ಲ; ಆದುದರಿಂದ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಅದು ಹೊಸತಲ್ಲ. ಆದರೂ ಇಂದು ಇನ್ನೊಮ್ಮೆ ಬರೆಯುತ್ತಿದ್ದೇನೆ. ಕತೆಯ ಕೊನೆಗೆ ನಾನು ಕೊಡುತ್ತಿದ್ದ ವೈಜ್ಞಾನಿಕ ವಿವರಣೆ ತಪ್ಪಾಗಿತ್ತು. ಅದು ತಪ್ಪೆಂದು ಎದ್ದು ನಿಂತು ಹೇಳಿದ ಒಬ್ಬ ಹುಡುಗನನ್ನು ನಾನು ನಗೆಪಾಟಲು ಮಾಡಿದ್ದೆ.

1974ರ ಮೇ ತಿಂಗಳು. ಕಾರ್ಕಳದಿಂದ ಅಜೆಕಾರು, ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗಬೇಕಿತ್ತು. ಎರಡು ಬಾಡಿಗೆ ಕಾರುಗಳು. ಮುಂದಿನದರಲ್ಲಿ ಪುರೋಹಿತರು ಮತ್ತು ಹಿರಿಯರು, ಹಿಂದಿನದರಲ್ಲಿ ಮದುಮಗಳು, ತಾಯಿ, ಇಬ್ಬರು ಚಿಕ್ಕಮ್ಮಂದಿರು ಮತ್ತು ನಾನು. ಹದಿನಾಲ್ಕು ತಿರುವುಗಳಲ್ಲಿ ಏಳನೆಯದರ ನೆತ್ತಿಯ ಮೇಲೆ ನಮ್ಮ ಕಾರು ಕೆಮ್ಮಿ, ಮುಗ್ಗರಿಸಿ, ನಿಂತಿತು. ಚಾಲಕರು ಕೆಳಗಿಳಿದು ಬಾನೆಟ್ ಎತ್ತಿದರು. ಹೆಗಲ ಮೇಲಿನ ಬೈರಾಸನ್ನು ಬದಿಯ ಒರತೆಯಲ್ಲಿ ಅದ್ದಿ ತಂದು ಪೆಟ್ರೋಲ್ ಪಂಪಿನ ಮೇಲೂ ಕೊಳವೆಯ ಮೇಲೂ ಸುತ್ತಿದರು. "ಸ್ವಲ್ಪ ತಣಿಯಲಿ ಮಾಷ್ಟ್ರೇ, ಗಡಿಬಿಡಿ ಮಾಡಿದರೆ ಇನ್ನೂ ಹಟ ಮಾಡುತ್ತದೆ" ಎಂದು ಬೀಡಿ ಹಚ್ಚಲು ದೂರ ಹೋದರು. ಮುಹೂರ್ತ ಹನ್ನೊಂದು ಮುಕ್ಕಾಲಿಗೆ. ತಾಯಿಯವರು ಕಾರಿನೊಳಗೇ ಕುಳಿತು ಕೊಲ್ಲೂರಿಗೆ ಹರಕೆ ಹೇಳಿಕೊಂಡರು. ನಾವು ಮಂಟಪ ತಲುಪಿದಾಗ ಹನ್ನೊಂದೂವರೆ ದಾಟಿತ್ತು. ತಂಗಿ ಸೀರೆ ಬದಲಿಸದೆಯೇ ಹಸೆಮಣೆ ಏರಿದಳು. ಆ ಮಾತನ್ನು ಅವಳು ಇಂದಿಗೂ ಆಡುತ್ತಾಳೆ.

ಜೂನ್ ತಿಂಗಳಲ್ಲಿ ಶಾಲೆ ತೆರೆಯಿತು. ಹತ್ತನೆಯ ತರಗತಿಯಲ್ಲಿ ವಾಯುವಿನ ಒತ್ತಡದ ಪಾಠ. ನಾನು ಈ ಪ್ರಸಂಗವನ್ನು ರಂಗುರಂಗಾಗಿ ವಿವರಿಸಿ, ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಎಂಜಿನ್ನಿಗೆ ಉಸಿರು ಸಾಲದೆ ಕಾರು ನಿಂತಿತು ಎಂದು ತೀರ್ಪು ಕೊಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಮನೆ ಕಾಪು. ಸೋದರಮಾವನ ಮನೆಯಲ್ಲಿದ್ದುಕೊಂಡು ನಮ್ಮಲ್ಲಿ ಓದುತ್ತಿದ್ದ. ಅವನ ತಂದೆಗೆ ಕಾಪುವಿನ ಹೆದ್ದಾರಿಯ ಬದಿಯಲ್ಲಿ ಒಂದು ಸಣ್ಣ ಗ್ಯಾರೇಜು. "ಗಾಳಿಯಿಂದ ಅಲ್ಲ ಸರ್. ಪೆಟ್ರೋಲ್ ಕುದಿಯುವುದು. ಅಪ್ಪ ಕಾರ್ಬುರೇಟರಿನ ಅಡಿಗೆ ತಗಡು ಕಟ್ಟಿಕೊಡುತ್ತಾರೆ, ಆಮೇಲೆ ನಿಲ್ಲುವುದಿಲ್ಲ" ಎಂದ. "ನಿನ್ನ ತಲೆಗೂ ಒಂದು ತಗಡು ಕಟ್ಟಿಸಬೇಕು, ಕುಳಿತುಕೋ" ಎಂದೆ. ತರಗತಿ ಗೊಳ್ಳೆಂದಿತು. ಅಂದಿನಿಂದ ಅವನ ಹೆಸರು 'ತಗಡು' ಆಯಿತು. ಕನ್ನಡದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿರುವುದು ನಿಮಗೆ ತಿಳಿದೇ ಇದೆ.

ಕೆಲವು ವರ್ಷಗಳ ಹಿಂದೆ ಆ ತಂಡದವರು ಗುರುವಂದನೆ ಏರ್ಪಡಿಸಿದ್ದಾಗ ಅರುವತ್ತು ದಾಟಿದ ಗಂಡಸರು ಅವನನ್ನು ಅದೇ ಹೆಸರಿನಿಂದ ಕರೆದು ಬೆನ್ನು ತಟ್ಟುತ್ತಿದ್ದರು. ಅವನೂ ನಗುತ್ತಿದ್ದ. ಹೊರಡುವಾಗ ನನ್ನ ಬಳಿ ಬಂದು, "ಸರ್, ಒಮ್ಮೆ ಕಾಪುವಿಗೆ ಬನ್ನಿ. ನಿಮಗೆ ತೋರಿಸಲಿಕ್ಕೆ ಒಂದು ವಸ್ತು ಉಂಟು" ಎಂದ. ಹೋಗಲು ನಾನು ಬಹಳ ತಡಮಾಡಿದೆ. ಕಳೆದ ವರ್ಷ ಹೋದೆ. ಅಲ್ಲಿ ಕಂಡದ್ದನ್ನು ಹೇಳುವ ಮೊದಲು ಸ್ವಲ್ಪ ಹಿಂದಿನ ಚರಿತ್ರೆ ಬೇಕು.

ನಮ್ಮ ಜಿಲ್ಲೆಗೆ ಮೋಟಾರು ವಾಹನ ಬಂದದ್ದು ಶ್ರೀಮಂತರ ವಿಲಾಸಕ್ಕಿಂತ ಹೆಚ್ಚಾಗಿ ಸಾರ್ವಜನಿಕರ ಸಂಚಾರಕ್ಕಾಗಿ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಹಿರಿಯರ ಬಾಯಲ್ಲಿ ಸಿ.ಪಿ.ಸಿ., ಸ್ಥಾಪನೆಯಾಯಿತು. ಅಂದಿನ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿತ್ತು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆ ಕಾಲದ ವಾಹನಗಳೆಲ್ಲ ಪೆಟ್ರೋಲ್ ಕುಡಿಯುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದರು. ನನ್ನ ತಂದೆಯವರು ಆ ಬಸ್ಸುಗಳಲ್ಲಿ ಪ್ರಯಾಣ ಮಾಡಿದವರು. ಮುಂಜಾನೆ ಕ್ಲೀನರ್ ಹುಡುಗ ತಿದಿಯ ಚಕ್ರ ತಿರುಗಿಸಿ ಬೆಂಕಿ ಎಬ್ಬಿಸಬೇಕು, ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನೂಕಬೇಕು, ಊರು ತಲುಪುವಾಗ ಬಿಳಿ ಪಂಚೆ ಬಿಳಿಯಾಗಿ ಉಳಿದಿರುತ್ತಿರಲಿಲ್ಲ.

ಈ ಇದ್ದಿಲಿನ ಬಸ್ಸು ನನ್ನ ವಿಷಯಕ್ಕೆ ಹೊರತಲ್ಲ. ಉರಿಯುವ ಇದ್ದಿಲಿನಿಂದ ಹೊರಟ ಅನಿಲ, ಅಂದರೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಮತ್ತು ನೈಟ್ರೋಜನ್‌ಗಳ ಮಿಶ್ರಣ, ಅತಿ ಬಿಸಿ. ಅದನ್ನು ಹಾಗೆಯೇ ಎಂಜಿನ್ನಿಗೆ ಬಿಡುವಂತಿಲ್ಲ. ಬಿಸಿಯಾದ ಅನಿಲ ಹಿಗ್ಗಿರುತ್ತದೆ; ಸಿಲಿಂಡರಿನ ಅಷ್ಟೇ ಜಾಗದಲ್ಲಿ ಉರಿಯುವ ಪದಾರ್ಥ ಕಡಿಮೆ ತುಂಬುತ್ತದೆ. ಆದುದರಿಂದ ಉದ್ದದ ಕೊಳವೆಗಳಲ್ಲಿ ಸುತ್ತಿಸಿ, ತಣಿಸಿ, ಸೋಸಿ ಕೊಡುತ್ತಿದ್ದರು. ಎಂಜಿನ್ ಒಳಗೆಳೆದುಕೊಳ್ಳುವ ಉಸಿರು ತಂಪಾಗಿರಬೇಕು ಎಂಬ ಪಾಠವನ್ನು ನಮ್ಮ ಊರಿನ ಮೆಕ್ಯಾನಿಕರು ಅಂದೇ ಕಲಿತಿದ್ದರು. ಬಿ.ಎಸ್ಸಿ. ಪದವೀಧರನಾದ ನಾನು 1974ರಲ್ಲಿಯೂ ಕಲಿತಿರಲಿಲ್ಲ.

ಇನ್ನು ಕಾರುಗಳ ಮಾತು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಕಾರ್ಕಳದ ಪೇಟೆಯಲ್ಲೂ ಉಡುಪಿಯ ರಥಬೀದಿಯ ಹೊರಗೂ ಸಾಲಾಗಿ ನಿಲ್ಲುತ್ತಿದ್ದ ಬಾಡಿಗೆ ಕಾರುಗಳಲ್ಲಿ ಹೆಚ್ಚಿನವು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನೇ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಆ ಹೆಸರಿನಲ್ಲಿ ತಯಾರಿಸುತ್ತಿದ್ದರು. 1959ರಲ್ಲಿ ಅದಕ್ಕೆ 1489 ಘನ ಸೆಂಟಿಮೀಟರಿನ, ಮೇಲ್ಗಡೆ ಕವಾಟಗಳಿರುವ ಎಂಜಿನ್ ಬಂತು. ಅದು ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ 'ಬಿ' ಶ್ರೇಣಿಯ ಎಂಜಿನ್. ಅದೇ ಶ್ರೇಣಿಯ, ಅದೇ 1489 ಘನ ಸೆಂಟಿಮೀಟರಿನ ಎಂಜಿನ್ನನ್ನು 1955ರಿಂದ ಆಕ್ಸ್‌ಫರ್ಡಿನ ಸಮೀಪದ ಆಬಿಂಗ್ಡನ್ನಿನಲ್ಲಿ ಇನ್ನೊಂದು ಕಾರಿಗೆ ಕೂರಿಸುತ್ತಿದ್ದರು. ಅದು ಎಂ.ಜಿ.ಎ., ಇಬ್ಬರು ಮಾತ್ರ ಕೂರುವ, ತಲೆಯ ಮೇಲೆ ಮಾಡಿಲ್ಲದ ಸ್ಪೋರ್ಟ್ಸ್ ಕಾರು. 1962ರವರೆಗೆ ಅಂಥವು ಒಂದು ಲಕ್ಷಕ್ಕೂ ಹೆಚ್ಚು ತಯಾರಾದವು. ಬಹುಪಾಲು ಹೊರದೇಶಗಳಿಗೆ ಹೋದವು. 2019ರಿಂದ ನಮ್ಮ ರಸ್ತೆಗಳಲ್ಲಿ ಎಂ.ಜಿ. ಹೆಸರಿನ ಕಾರುಗಳು ಓಡುತ್ತಿವೆಯಲ್ಲ, ಅವುಗಳಿಗೂ ಇದಕ್ಕೂ ಉಳಿದಿರುವ ಬಾಂಧವ್ಯ ಹೆಸರಿನದು ಮಾತ್ರ.

ದಿಬ್ಬಣದ ಕಾರೂ ಸ್ಪೋರ್ಟ್ಸ್ ಕಾರೂ ಒಂದೇ ಗರ್ಭದಿಂದ ಬಂದವು ಎಂದರೆ ನಂಬುವುದು ಕಷ್ಟ. ಆದರೆ ಇಂಥ ಬಾಂಧವ್ಯ ಅಪರೂಪವೇನಲ್ಲ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನಿಮ್ಮಲ್ಲಿ ಕೆಲವರ ಮನೆಯಲ್ಲಿತ್ತು. ಇಂಗ್ಲೆಂಡಿನಲ್ಲಿ ಅದೇ ಹೆರಾಲ್ಡಿನ ಅಡಿಪಾಯದ ಮೇಲೆ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿತು.

ಒಂದೇ ಗಾತ್ರದ ಎಂಜಿನ್ ಒಂದರಲ್ಲಿ ಸುಮಾರು 50-55 ಅಶ್ವಶಕ್ತಿ ಕೊಟ್ಟರೆ ಇನ್ನೊಂದರಲ್ಲಿ 68, ಬಳಿಕ 72 ಕೊಡುತ್ತಿತ್ತು. ಈ ವ್ಯತ್ಯಾಸಕ್ಕೆ ಹಲವು ಕಾರಣಗಳಿವೆ. ಕಣ್ಣಿಗೆ ಕಾಣುವಂಥದು ಉಸಿರಾಟದ ವ್ಯವಸ್ಥೆ. ಈ ಎಂಜಿನ್ನಿನ ತಲೆಭಾಗವನ್ನು ವಿನ್ಯಾಸ ಮಾಡಿದಾತ ಹ್ಯಾರಿ ವೆಸ್ಲೇಕ್. ಎಂಜಿನ್ನಿನೊಳಗಿನ ಗಾಳಿಯ ಹರಿವನ್ನು ಅಳೆದು ನೋಡುವುದರಲ್ಲಿ ಹೆಸರಾದವನು. ನಾಲ್ಕು ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಒಳಹೋಗಲು ಎರಡೇ ದ್ವಾರ, ಹೊಗೆ ಹೊರಬರಲು ಮೂರು ದ್ವಾರ, ಐದೂ ಎಂಜಿನ್ನಿನ ಒಂದೇ ಬದಿಗೆ. ಒಳಹೋಗುವ ದ್ವಾರಗಳಿಗೆ ಮಿಶ್ರಣವನ್ನು ಹಂಚುವ ಕವಲುಗೊಳವೆಯೇ ಇನ್ಲೆಟ್ ಮ್ಯಾನಿಫೋಲ್ಡ್. ಸುಟ್ಟ ಅನಿಲವನ್ನು ಒಟ್ಟುಗೂಡಿಸಿ ಸೈಲೆನ್ಸರಿಗೆ ಕಳುಹಿಸುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್. ಎರಡನ್ನೂ ಒಂದೇ ಗೋಡೆಗೆ, ಒಂದರ ಕೆಳಗೊಂದು ಬಿಗಿದಿದ್ದಾರೆ. ಬಚ್ಚಲೊಲೆಯ ಗೋಡೆಗೆ ತಾಗಿಸಿ ಹಾಲಿನ ಪಾತ್ರೆ ಇಟ್ಟಂತೆ.

ಇದು ಬುದ್ಧಿಯಿಲ್ಲದೆ ಮಾಡಿದ್ದಲ್ಲ. ಪೆಟ್ರೋಲ್ ದ್ರವವು ಗಾಳಿಯಲ್ಲಿ ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತದೆ. ಇದೇ ಬಾಷ್ಪೀಕರಣದ ಗುಪ್ತೋಷ್ಣ, ನಿಮಗೆಲ್ಲ ನಾನೇ ಪಾಠ ಮಾಡಿದ್ದು. ಇಂಗ್ಲೆಂಡಿನ ತೇವದ ಚಳಿಯಲ್ಲಿ ಈ ತಂಪಿನಿಂದ ಕಾರ್ಬುರೇಟರಿನ ಗಂಟಲಲ್ಲಿ ಮಂಜುಗಡ್ಡೆಯೇ ಕಟ್ಟಬಹುದು; ಮಿಶ್ರಣವು ಹನಿಹನಿಯಾಗಿ ಕೊಳವೆಯ ಗೋಡೆಗೆ ಅಂಟಬಹುದು. ಅದಕ್ಕಾಗಿ ಒಂದೇ ಕಾರ್ಬುರೇಟರಿನ ಸಾಧಾರಣ ಕಾರುಗಳಲ್ಲಿ ಎರಡು ಮ್ಯಾನಿಫೋಲ್ಡುಗಳನ್ನು ನಡುವಿನಲ್ಲಿ ಬೆಸೆದು, ಹೊಗೆಯ ಬಿಸಿ ಮಿಶ್ರಣಕ್ಕೆ ತಾಗುವಂತೆ ಬೇಕೆಂದೇ ಮಾಡಿದ್ದರು. ಆ ದೇಶಕ್ಕೆ ಅದು ಉಪಕಾರ. ಅದೇ ಬಿಸಿಯನ್ನು ಮೇ ತಿಂಗಳಲ್ಲಿ ಸೋಮೇಶ್ವರದಿಂದ ಆಗುಂಬೆಗೆ ಹತ್ತಿಸಿದರೆ ಏನಾಗುತ್ತದೆ?

ನೀರಿಗಿರುವಂತೆ ಪೆಟ್ರೋಲಿಗೆ ಒಂದೇ ಕುದಿಯುವ ಬಿಂದು ಇಲ್ಲ. ಅದು ಹಲವು ದ್ರವಗಳ ಬೆರಕೆ. ಹಗುರವಾದ ಭಾಗಗಳು 35-40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯಲಾರಂಭಿಸುತ್ತವೆ, ಭಾರವಾದವು 200 ಡಿಗ್ರಿಯ ಸುಮಾರಿಗೆ. ನಮ್ಮ ಕರಾವಳಿಯ ಬೇಸಗೆಯ ನೆರಳೇ 35 ಡಿಗ್ರಿ. ಬಾನೆಟಿನ ಒಳಗಿನ ಮಾತು ಬೇಡ. ಘಾಟಿಯಲ್ಲಿ ಒಂದನೆಯ, ಎರಡನೆಯ ಗೇರಿನಲ್ಲಿ ಎಂಜಿನ್ ಗೋಳಿಡುತ್ತ ದುಡಿಯುತ್ತದೆ, ಕಾರು ಮಾತ್ರ ನಡಿಗೆಯ ವೇಗದಲ್ಲಿ ಸಾಗುತ್ತದೆ. ಮುಂದಿನಿಂದ ಬರುವ ಗಾಳಿ ಸಾಲದು. ಪಂಪಿನಲ್ಲೋ ಕೊಳವೆಯಲ್ಲೋ ಪೆಟ್ರೋಲ್ ಕುದಿದು ಗುಳ್ಳೆಯೆದ್ದರೆ ಪಂಪು ದ್ರವದ ಬದಲು ಆವಿಯನ್ನು ಹಿಂಡುತ್ತ ಕೂರುತ್ತದೆ. ಕಾರ್ಬುರೇಟರಿಗೆ ಹನಿಯೂ ತಲುಪುವುದಿಲ್ಲ. ಚಾಲಕರ ಬಾಯಲ್ಲಿ ಇದು 'ಏರ್‌ಲಾಕ್'. ಕಾರ್ಬುರೇಟರಿನ ಬಟ್ಟಲಿನಲ್ಲೇ ಕುದಿದರೆ ಪೆಟ್ರೋಲ್ ಉಕ್ಕಿ ಎಂಜಿನ್ನಿಗೆ ಸುರಿಯುತ್ತದೆ. ಕಾರು ನಿಂತ ಮೇಲೆ ಬಿಸಿ ಇನ್ನೂ ಏರುವುದು ವಿಚಿತ್ರವೆನಿಸಬಹುದು. ಫ್ಯಾನು ನಿಂತಿರುತ್ತದೆ, ಕಾದ ಬೀಡುಕಬ್ಬಿಣವು ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಡುತ್ತಿರುತ್ತದೆ. ಚಾಲಕರು ಗಡಿಬಿಡಿ ಬೇಡವೆಂದದ್ದು ಇದಕ್ಕೇ. ಅನುಭವಸ್ಥರು ಘಾಟಿಯ ಬುಡದಲ್ಲೇ ಬಾನೆಟ್ಟನ್ನು ಪೂರ್ತಿ ಅದುಮದೆ ಕೊಂಡಿಯ ಮೇಲಷ್ಟೇ ನಿಲ್ಲಿಸಿ ಹತ್ತುತ್ತಿದ್ದರು.

ನನ್ನ 'ತೆಳುಗಾಳಿ'ಯ ಲೆಕ್ಕವನ್ನೂ ಈಗ ಮಾಡಿ ನೋಡಿದೆ. ಆಗುಂಬೆಯ ಎತ್ತರ ಸುಮಾರು 640 ಮೀಟರು. ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟಕ್ಕಿಂತ ಶೇಕಡಾ 7ರಷ್ಟು ಕಡಿಮೆ. ಅಷ್ಟಕ್ಕೇ ಎಂಜಿನ್ನಿನ ಉಸಿರು ಕಟ್ಟುವುದಾದರೆ ಮಡಿಕೇರಿಗೆ, ಊಟಿಗೆ ಕಾರುಗಳೇ ಹೋಗುತ್ತಿರಲಿಲ್ಲ. ಒತ್ತಡ ಇಳಿದಾಗ ಕುದಿಯುವ ಬಿಂದು ಒಂದೆರಡು ಡಿಗ್ರಿ ಇಳಿಯುವುದು ನಿಜ. ಆದರೆ ಅದೂ ಹುಡುಗನ ವಾದಕ್ಕೇ ಬಲ ಕೊಡುತ್ತದೆ. ಈ ಲೆಕ್ಕ ನನಗೆ 1974ರಲ್ಲೂ ಬರುತ್ತಿತ್ತು. ಮಾಡಿ ನೋಡಲಿಲ್ಲ, ಅಷ್ಟೆ.

ಕಾಪುವಿನಲ್ಲಿ ಅವನ ಗ್ಯಾರೇಜಿನ ಹಿಂದಿನ ಚಪ್ಪರದ ಅಡಿಯಲ್ಲಿ ನಿಂತಿದ್ದುದು ಒಂದು ಎಂ.ಜಿ.ಎ. ಕಾರು. ಉಡುಪಿಯ ಕಡೆಯ ಒಬ್ಬರದು. ಅಜ್ಜನ ಕಾಲದ್ದನ್ನು ಮತ್ತೆ ಓಡಿಸುವ ಆಸೆಯಿಂದ ಇವನಿಗೆ ಒಪ್ಪಿಸಿದ್ದರು. ಕಡುಗೆಂಪು ಬಣ್ಣ, ನೆಲಕ್ಕೆ ತಾಗುವಂತೆ ತಗ್ಗು. ಅವನು ಬಾನೆಟ್ ಎತ್ತಿ ಟಾರ್ಚು ಹಿಡಿದ.

ಅಂಬಾಸಿಡರಿನ ಒಂದು ಕಾರ್ಬುರೇಟರಿನ ಜಾಗದಲ್ಲಿ ಇಲ್ಲಿ ಎರಡು. ಎಸ್.ಯು. ಎಂಬ ಹೆಸರಿನವು, ತಿರುವುಮುಚ್ಚಳದ ಮರಿಗೋಪುರಗಳಂತೆ ಕಾಣುತ್ತವೆ. ಎಸ್.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಲಂಡನ್ನಿನ ಪಾದರಕ್ಷೆ ವ್ಯಾಪಾರದ ಕುಟುಂಬದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ 1905ರ ಸುಮಾರಿಗೆ ಇದನ್ನು ಕಂಡುಹಿಡಿದ. ಮೊದಲ ಮಾದರಿಗಳ ಒಳಗೆ ಚರ್ಮದ ತಿದಿ ಇತ್ತಂತೆ. ಚಪ್ಪಲಿ ಅಂಗಡಿಯವನಿಗೆ ಚರ್ಮವಲ್ಲದೆ ಇನ್ನೇನು ಹೊಳೆದೀತು! ಎಂಜಿನ್ನಿನ ಎರಡು ದ್ವಾರಗಳಿಗೆ ಒಂದೊಂದು ಕಾರ್ಬುರೇಟರು, ನಡುವೆ ಸಮತೋಲನಕ್ಕೆ ಒಂದು ಅಡ್ಡ ಕೊಳವೆ. ಹಾದಿ ಹತ್ತಿರವಾದ್ದರಿಂದ ಸಿಲಿಂಡರುಗಳು ಸರಾಗವಾಗಿ ತುಂಬುತ್ತವೆ. ಆದರೆ ಎರಡೂ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನೆತ್ತಿಯ ಮೇಲೇ ಕುಳಿತಂತಾಯಿತು.

ಆಬಿಂಗ್ಡನ್ನಿನವರು ಅದಕ್ಕೆ ಮಾಡಿದ ಪರಿಹಾರವನ್ನು ಅವನು ನನ್ನ ಕೈಯಲ್ಲಿಟ್ಟ. ಮಡಚಿದ ಒಂದು ತಗಡು.

ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ನಿಂತು, ಕೆಳಗಿನಿಂದ ಬರುವ ಬಿಸಿಯನ್ನು ತಡೆಯುವ ಹೀಟ್ ಶೀಲ್ಡ್. ಕಬ್ಬಿಣದ ತಗಡು, ಬಿಸಿಯ ಬದಿಗೆ ಕಲ್ನಾರಿನ ಹೊದಿಕೆ. ಬೋಲ್ಟುಗಳ ಮೂಲಕ ಬಿಸಿ ಹರಿಯದಂತೆ ಮ್ಯಾನಿಫೋಲ್ಡಿನ ಮುಖಕ್ಕೆ ಉಷ್ಣವಾಹಕವಲ್ಲದ ಒಂದು ದಪ್ಪ ಬಿಲ್ಲೆ. "ಅಪ್ಪ ಇದನ್ನು ಕಂಡವರೇ ಅಲ್ಲ ಸರ್. ಬಿಸ್ಕೆಟ್ ಡಬ್ಬಿ ಕತ್ತರಿಸಿ ಮಾಡುತ್ತಿದ್ದರು" ಎಂದ. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಅವನೇ ಮಾತು ಬದಲಿಸಿ, ಈ ಕಾರಿನ ಮ್ಯಾನಿಫೋಲ್ಡಿಗೆ ಅಂಬಾಸಿಡರಿನ ಗ್ಯಾಸ್ಕೆಟ್ಟೇ ಸರಿಯಾಗಿ ಕೂರುತ್ತದೆ ಎಂದು ತೋರಿಸಿದ. ಐದು ದ್ವಾರಗಳೂ ತಾಳೆಯಾದವು.

ಹಳೆಯ ತಗಡಿನ ಕಲ್ನಾರು ಪುಡಿಪುಡಿಯಾಗಿತ್ತು. ನಾನು ಬೆರಳಿನಿಂದ ಕೆರೆಯಹೋದಾಗ ಅವನು ಗಾಬರಿಯಿಂದ ಕೈ ಹಿಡಿದುಕೊಂಡ. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ದಶಕಗಳ ಬಳಿಕ ಕ್ಯಾನ್ಸರ್ ತರಬಲ್ಲದು. ಇಂಗ್ಲೆಂಡಿನಲ್ಲಿ 1999ರಲ್ಲಿ ಅದನ್ನು ಪೂರ್ತಿ ನಿಷೇಧಿಸಿದರು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಸ್ಪಿರಿಟ್ ದೀಪದ ಮೇಲೆ ಇಡುತ್ತಿದ್ದ ತಂತಿಜಾಲರಿಯ ನಡುವಿನ ಬಿಳಿಯ ವೃತ್ತ ನಿಮಗೆ ನೆನಪಿದೆಯೆ? ಅದೂ ಕಲ್ನಾರು. ಅದನ್ನು ಉಜ್ಜಿ ತೊಳೆದಿಡಲು ನಾನೇ ಎಷ್ಟು ಮಕ್ಕಳಿಗೆ ಹೇಳಿದ್ದೇನೆ! ಅವನು ಹಳೆಯದನ್ನು ನೀರಿನಲ್ಲಿ ನೆನೆಸಿ, ಧೂಳೇಳದಂತೆ ತೆಗೆದು, ದಪ್ಪ ಚೀಲದಲ್ಲಿ ಕಟ್ಟಿಟ್ಟಿದ್ದ. ಹೊಸ ತಗಡಿಗೆ ಸೆರಾಮಿಕ್ ನಾರಿನ ಬಟ್ಟೆ ಹೊದಿಸಿದ್ದ.

ಈ ವಿದ್ಯೆಗೆಲ್ಲ ಈಗ ಬೆಲೆಯಿಲ್ಲ. 1980ರ ಸುಮಾರಿಗೆ ಡೀಸೆಲ್ ಅಂಬಾಸಿಡರ್ ಬಂದಿತು. ಡೀಸೆಲ್ ಎಂಜಿನ್ನಿಗೆ ಕಾರ್ಬುರೇಟರೇ ಇಲ್ಲ. 2000ದ ಹೊತ್ತಿಗೆ ಹೊಗೆಯ ನಿಯಮಗಳು ಬಿಗಿಯಾಗಿ ಪೆಟ್ರೋಲ್ ಕಾರುಗಳಲ್ಲೂ ಅದು ಮರೆಯಾಗುತ್ತ ಬಂತು. ಇಂದಿನ ಕಾರಿನಲ್ಲಿ ಪೆಟ್ರೋಲ್ ಒತ್ತಡದಲ್ಲಿರುವುದರಿಂದ ಸುಲಭವಾಗಿ ಕುದಿಯುವುದಿಲ್ಲ. ಉತ್ತರಪಾಡಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಈಚೆಗೆ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಬೆರೆಸುತ್ತಿರುವುದರಿಂದ ಹಳೆಯ ಕಾರುಗಳ ರಬ್ಬರ್ ಕೊಳವೆಗಳನ್ನೆಲ್ಲ ಬದಲಿಸಬೇಕಾಗಿದೆ ಎಂದೂ ಅವನು ಹೇಳಿದ.

ಆದರೆ ಉಸಿರಿನ ಹಾದಿಯ ಚಿಂತೆ ಮುಗಿದಿಲ್ಲ. ಮಣಿಪಾಲದ ಎಂ.ಐ.ಟಿ.ಯ ವಿದ್ಯಾರ್ಥಿಗಳು 2007ರಲ್ಲಿ 'ಫಾರ್ಮುಲಾ ಮಣಿಪಾಲ್' ಎಂಬ ತಂಡ ಕಟ್ಟಿ ರೇಸಿನ ಕಾರುಗಳನ್ನು ತಾವೇ ತಯಾರಿಸತೊಡಗಿದರು. ಆ ಬಗೆಯ ಸ್ಪರ್ಧೆಗಳಲ್ಲಿ ಪೆಟ್ರೋಲ್ ಕಾರಿನ ಗಾಳಿಯೆಲ್ಲ 20 ಮಿಲಿಮೀಟರ್ ವ್ಯಾಸದ ಒಂದು ಕಿರಿದಾದ ಕತ್ತಿನ ಮೂಲಕವೇ ಹೋಗಬೇಕೆಂಬ ನಿಯಮವಿದೆ. ಆ ಕತ್ತಿನಾಚೆಯ ಮ್ಯಾನಿಫೋಲ್ಡನ್ನು ಹೇಗೆ ರೂಪಿಸುವುದೆಂಬುದರಲ್ಲಿ ಜಾಣ್ಮೆಯೆಲ್ಲ. ನನ್ನ ಶಿಷ್ಯನ ಮೊಮ್ಮಗ ಅಲ್ಲಿ ಓದುತ್ತಿದ್ದಾನೆ. ರಜೆಯಲ್ಲಿ ಬಂದಾಗ ಅಜ್ಜನೊಡನೆ ಇದೇ ಚರ್ಚೆಯಂತೆ.

ಕಳೆದ ಡಿಸೆಂಬರಿನಲ್ಲಿ ಆ ಕೆಂಪು ಕಾರು ತಯಾರಾಯಿತು. "ನೀವು ಕೂತರೆ ಮಾತ್ರ ಘಾಟಿಗೆ ಒಯ್ಯುವುದು" ಎಂದು ಹಟ ಹಿಡಿದ. ಎಂಬತ್ತರ ಈ ಮೊಣಕಾಲುಗಳನ್ನು ಆ ತಗ್ಗಿನ ಆಸನದೊಳಗೆ ಮಡಚಲು ಇಬ್ಬರು ಹುಡುಗರ ಸಹಾಯ ಬೇಕಾಯಿತು. ಏಳನೆಯ ತಿರುವು ದಾಟಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿದ. ಹತ್ತು ನಿಮಿಷ ಕಾಯಬೇಕು, ಬಿಸಿ ಮೇಲೇರಲಿ ಎಂದ. ಆ ಹತ್ತು ನಿಮಿಷದಲ್ಲಿ ನಾನು ಐವತ್ತು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತನ್ನು ಹೇಳಿದೆ: "ಅಂದು ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ಆ ಹೆಸರು ನನ್ನಿಂದ ಬಂತು." ಅವನು ಸ್ಟಿಯರಿಂಗನ್ನೇ ನೋಡುತ್ತ, "ಶಾಲೆಗೆ ಬರಲಿಕ್ಕೆ ಮನಸ್ಸಿರಲಿಲ್ಲ ಸರ್, ಆ ವರ್ಷ ಪೂರ್ತಿ" ಎಂದ. ಮತ್ತೇನೂ ಹೇಳಲಿಲ್ಲ. 1974ರ ತಂಡದವರಲ್ಲಿ ಇದನ್ನು ಓದುವವರು ಅವನನ್ನು ಮುಂದೆ ಅವನ ಹೆಸರಿನಿಂದ ಕರೆಯಬೇಕೆಂದು ನನ್ನ ಕೋರಿಕೆ.

ಬಳಿಕ ಕೀಲಿ ತಿರುಗಿಸಿದ. ಎರಡನೆಯ ಸಲಕ್ಕೆ ಹಿಡಿಯಿತು. ನಾನು ಚಪ್ಪಾಳೆ ತಟ್ಟಿದೆ. ಅವನಿಗೆ ಮಾತ್ರ ತೃಪ್ತಿಯಿರಲಿಲ್ಲ. ಇದು ಡಿಸೆಂಬರಿನ ತಂಪು ಸರ್, ಲೆಕ್ಕಕ್ಕಿಲ್ಲ; ಮೇ ತಿಂಗಳಲ್ಲಿ ಇನ್ನೊಮ್ಮೆ ಬಂದು ನೋಡಬೇಕು ಎಂದ.